ತವರಿಗೆ ಹೊರಟ ಒಂಟೆ

ಕಂದು ಹೆಣ್ಣೊಂಟೆ ಹಗ್ಗ ಹರಿದುಕೊಂಡು ಹೋಗಿತ್ತು. ಅದೂ ಎಂಥ ದಿನ! ಹೊಸವರ್ಷದ ಬಿಳಿ ತಿಂಗಳ ಹಬ್ಬ ಮುಗಿಯಿತು, ಚಳಿ ಇನ್ನೇನು ಕಾಲು ಕೀಳುತ್ತದೆ ಎಂದು ಗೋಬಿ ಮರುಭೂಮಿಯ ಜನರೆಲ್ಲ ಸಮಾಧಾನಪಟ್ಟುಕೊಳ್ಳುತ್ತಿದ್ದರು. ರೇಡಿಯೋ ಮಾತ್ರ ಬೆಳಗಿನಿಂದ ಬಡಕೊಳ್ಳುತ್ತಿತ್ತು: ಸಂಜೆಯೊಳಗೆ ಬಿರುಗಾಳಿ, ಮೊದಲು ಮರಳು, ಆಮೇಲೆ ಹಿಮ. ಒಂಟೆಯೋ ತುಂಬು ಗಬ್ಬ. ಹೋದ ವರ್ಷದ ಕೆಟ್ಟ ಚಳಿಗೆ ಹಾಲು ಕೊಡುವ ಒಂಟೆಗಳೆಲ್ಲ ಸತ್ತು, ಆ ಮನೆಗೆ ಹಾಲಿಗೆಂದು ಉಳಿದದ್ದು ಅದೊಂದೇ. ಬಟ್ಟಬಯಲಲ್ಲಿ ಈದರೆ ಮರಿ ಉಳಿಯುವ ಮಾತೇ ಇರಲಿಲ್ಲ.

ಮನೆಯ ಸೊಸೆ ಉಯಂಗಳಿಗೆ ಕೈಕಾಲೇ ಆಡಲಿಲ್ಲ. ಮದುವೆಯಾಗಿ ಬರುವಾಗ ತವರಿನವರು ಅವಳ ಜೊತೆ ಕಳಿಸಿಕೊಟ್ಟ ಒಂಟೆ ಅದು. ಗಂಡ ಮೇವು ತರಲು ಲಾರಿ ಹತ್ತಿ ಪೇಟೆಗೆ ಹೋಗಿದ್ದ. ಮನೆಯಲ್ಲಿ ಇದ್ದವರು ಅವಳು, ಅತ್ತೆ ದೋಲ್ಗೋರ್, ಮಾವ, ಅಷ್ಟೇ.

ಮಾವ ಗುಡಾರದ ಮುಂದೆ ನಿಂತು ಮೂಗನ್ನು ಗಾಳಿಗೆ ಎತ್ತಿದ.

"ಒಂಟೆ ಕುರಿ ಥರ ಅಲ್ಲ, ಗಾಳಿಗೆ ಎದುರಾಗಿ ನಡೆಯುತ್ತೆ. ನಡಿ, ವಾಯವ್ಯಕ್ಕೆ ಹೋಗೋಣ."

"ಮಾವ, ಈಯೋ ಒಂಟೆ ಹುಟ್ಟಿದ ಜಾಗ ಹುಡುಕ್ಕೊಂಡು ಹೋಗುತ್ತೆ. ಇದು ಹುಟ್ಟಿದ್ದು ಬೆಟ್ಟದಾಚೆ, ನಮ್ಮಪ್ಪನ ಕಣಿವೇಲಿ."

"ಇಲ್ಲಿಗೆ ಬಂದು ಎಷ್ಟು ಚಳಿಗಾಲ ಆಯ್ತು! ನಮ್ಮ ಹುಲ್ಲು ತಿಂದು ಕೊಬ್ಬಿರೋ ಪ್ರಾಣಿ ಅದು. ತವರು ನೆನಪಾಗಿರೋದು ಒಂಟೆಗೋ, ನಿನಗೋ?"

ಉಯಂಗಳ ಮುಖ ಕೆಂಪಾಯಿತು. ದೋಲ್ಗೋರ್ ಗಂಡನ ಕಡೆ ಕಣ್ಣು ಬಿಟ್ಟು ನೋಡಿ, ಸೊಸೆಯ ಮಡಿಲಿಗೆ ಒಣಮೊಸರಿನ ಗಟ್ಟಿಗಳನ್ನು ತುಂಬಿದಳು. ಇಬ್ಬರೂ ಸವಾರಿ ಒಂಟೆಗಳನ್ನೇರಿ ಹೊರಟಾಗ ದಾರಿ ಸುಗಮವಾಗಲೆಂದು ಅವರ ಹಿಂದೆ ಸೌಟಿನಿಂದ ಆಡಿನ ಹಾಲು ಚಿಮುಕಿಸುತ್ತ, ಅವರು ಮರೆಯಾಗುವವರೆಗೂ ನಿಂತಿದ್ದಳು.

ವಾಯವ್ಯದಲ್ಲಿ ಸಿಕ್ಕಿದ್ದು ಬರೀ ಜಲ್ಲಿಕಲ್ಲು. ನೆತ್ತಿಗೆ ಸೂರ್ಯ ಬಂದರೂ ಒಂದು ಹೆಜ್ಜೆಗುರುತು ಕಾಣಲಿಲ್ಲ. ಮಾವ ತನ್ನ ಒಂಟೆಯ ಮುಖವನ್ನು ಬೆಟ್ಟದ ಕಡೆ ತಿರುಗಿಸಿದ.

"ನಾನೇನೂ ಹೇಳ್ಲಿಲ್ಲ, ಮಾವ," ಎಂದಳು ಉಯಂಗ.

"ನೀನು ಹೇಳದೆ ಇರೋದೇ ಇಲ್ಲಿಗೆ ಕೇಳಿಸ್ತಾ ಇದೆ. ಬೇಗ ನಡಿ!"

ಬಯಲು ಮುಗಿದು ಬೆಟ್ಟ ಶುರುವಾಗುವ ಕಡೆ ನೆಲದ ಬಣ್ಣವೇ ಬೇರೆ. ಬೂದು ಜಲ್ಲಿ ಹಿಂದೆ ಸರಿದು ಕೆಂಪು ಮಣ್ಣು ಬರುತ್ತದೆ. ಬತ್ತಿದ ಹೊಳೆಯ ಪಾತ್ರದುದ್ದಕ್ಕೂ ಸಾಕ್ಸಾಲ್ ಗಿಡಗಳು ಸೊಟ್ಟಗೆ, ಗಂಟುಗಂಟಾಗಿ ನಿಂತಿರುತ್ತವೆ. ನೆರಳಿರುವ ಬಂಡೆಗಳ ಬುಡದಲ್ಲಿ ಹಳೆಯ ಹಿಮ ಇನ್ನೂ ಕರಗಿರಲಿಲ್ಲ. ಈ ದಾರಿಯಲ್ಲೇ ಉಯಂಗ ಮದುವಣಗಿತ್ತಿಯಾಗಿ ಬಂದಿದ್ದಳು, ಅದೇ ಕಂದು ಒಂಟೆಯ ಮೇಲೆ, ದಾರಿಯುದ್ದಕ್ಕೂ ಅಳುತ್ತ.

ಹೊಳೆಯ ತಿರುವಿನಲ್ಲಿ ಅವಳು ಕೂಗಿದಳು: "ಮಾವ, ಹೆಜ್ಜೆ!"

ಅಗಲವಾದ ಗುರುತುಗಳು, ಬೆಟ್ಟದ ಸಂದಿಯತ್ತ ಹೋಗಿದ್ದವು. ಹೆಜ್ಜೆ ಅಲ್ಲಲ್ಲಿ ಎಳೆದಂತಿತ್ತು. ಅದನ್ನು ಹಿಡಿದು ಹೋದರೆ ಬಂಡೆಯ ಮರೆಯಲ್ಲಿ ಕಂದು ಒಂಟೆ ನಿಂತಿತ್ತು. ಕಾಲ ಬಳಿ ಈಗಷ್ಟೇ ಬಿದ್ದ ಮರಿ, ಮೈಯೆಲ್ಲ ಒದ್ದೆ.

"ಅಯ್ಯೋ ನನ್ನ ಬಂಗಾರ!" ಉಯಂಗ ಧುಮುಕಿ ಓಡಿದಳು.

ಅಷ್ಟರಲ್ಲಿ ಬೆಳಕು ಹೋಯಿತು. ಹಿಂದಿರುಗಿ ನೋಡಿದರೆ ಬಯಲೇ ಇಲ್ಲ. ನೆಲದಿಂದ ಆಕಾಶದವರೆಗೆ ಕಂದು ಗೋಡೆಯೊಂದು ಎದ್ದು ಬರುತ್ತಿತ್ತು.

"ಸೊಗ್! ಸೊಗ್!" ಮಾವ ಒಂಟೆಗಳನ್ನು ಒತ್ತಾಗಿ ಮಂಡಿಯೂರಿಸಿದ. ಮರಿಯನ್ನು ನಡುವೆ ಎಳೆದುಕೊಂಡರು.

ಮರಳು ಬಡಿಯಿತು. ಕಣ್ಣು ಬಿಡಲಾಗಲಿಲ್ಲ.

ಮರಳಿನ ಹಿಂದೆಯೇ ಹಿಮ ಬಂತು.

ಮರಿ ಗಡಗಡ ನಡುಗುತ್ತಿತ್ತು. ಮಾವ ಸೊಂಟದ ಪಟ್ಟಿ ಬಿಚ್ಚಿ, ತನ್ನ ಕುರಿತೊಗಲಿನ ನಿಲುವಂಗಿಯನ್ನು ತೆಗೆದು ಮರಿಗೆ ಸುತ್ತಿದ.

"ನಿಮಗೆ?"

"ನನ್ನ ಚರ್ಮ ದಪ್ಪ. ಇಷ್ಟು ವರ್ಷ ನಿಮ್ಮತ್ತೆ ಜೊತೆ ಸಂಸಾರ ಮಾಡಿದೀನಿ. ಹೋಗು, ಸೌದೆ ಸಿಗುತ್ತಾ ನೋಡು. ಹಗ್ಗ ಬಿಡಬೇಡ."

ಉಯಂಗ ಒಂಟೆಗೆ ಕಟ್ಟಿದ್ದ ಹಗ್ಗದ ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದು, ತೆವಳುತ್ತ ಹೋಗಿ ಒಣ ಸಾಕ್ಸಾಲ್ ಮುರಿದಳು. ಕೈಯಲ್ಲಿ ರಕ್ತ ಬಂತು. ಅದೇ ಹಗ್ಗ ಹಿಡಿದು ಹಿಂದಿರುಗಿದಾಗ ಮಾವ ಒಂಟೆಗೆ ಒರಗಿ ಕೂತಿದ್ದ. ಮೀಸೆಯ ಮೇಲೆ ಹಿಮ, ಕಣ್ಣು ಮುಚ್ಚಿತ್ತು, ತುಟಿಯಲ್ಲಿ ನಗು. ಚಳಿಯಲ್ಲಿ ಹಾಗೆ ನಗುವವರು ಏಳುವುದು ಕಷ್ಟ.

"ಮಾವ!"

ಭುಜ ಹಿಡಿದು ಅಲ್ಲಾಡಿಸಿದಳು. ಕೆನ್ನೆ ತಟ್ಟಿದಳು.

"ಮಾವ, ಏಳಿ! ಅಪ್ಪಾ!"

ಮುದುಕ ಕದಲಲಿಲ್ಲ. ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ, ಮಾವ, ಅಪ್ಪ, ಅಜ್ಜ ಎಂದು. ನಿದ್ದೆಯಲ್ಲಿ ಅಷ್ಟು ದೂರ ಹೋದವನಿಗೆ ಅವು ತನ್ನವು ಅನ್ನಿಸಲಿಲ್ಲವೇನೋ. ಅವನಿಗೊಂದು ಹೆಸರಿತ್ತು. ಆದರೆ ಸೊಸೆ ಅದನ್ನು ಬಾಯಿಗೆ ತರುವಂತಿರಲಿಲ್ಲ. ಗುಡಾರದ ಹೊಸ್ತಿಲು ದಾಟಿದ ದಿನದಿಂದ ಕನಸಿನಲ್ಲೂ ಅವಳು ಆ ಹೆಸರನ್ನು ಹೇಳಿರಲಿಲ್ಲ.

ಉಯಂಗ ಅತ್ತುಬಿಟ್ಟಳು. ಆಮೇಲೆ ಅವನ ಕಿವಿಗೆ ಬಾಯಿಟ್ಟು, ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದಳು:

"ದಾಮ್ದಿನ್!"

ಗಾಳಿ ಅದನ್ನೂ ಕಿತ್ತುಕೊಂಡು ಹೋಯಿತು.

"ದಾಮ್ದಿನ್! ಏ ದಾಮ್ದಿನ್, ಏಳೋ!"

ಮುದುಕನ ರೆಪ್ಪೆ ಅದುರಿತು. "ಬಂದೆ... ಬಂದೆ," ಎಂದ, ಚಿಕ್ಕ ಹುಡುಗನ ದನಿಯಲ್ಲಿ.

ಕಣ್ಣು ತೆರೆದವನು ಮತ್ತೆ ಮುಚ್ಚದಂತೆ ಅವಳು ಬಿಡದೆ ಮಾತಾಡಿದಳು. ಕಂದು ಒಂಟೆಯ ಬೆಚ್ಚನೆಯ ಪಕ್ಕೆಗೆ ಅವನನ್ನು ಒತ್ತಿ, ಮಡಿಲಿಗೆ ಮರಿಯನ್ನಿಟ್ಟು, ತನ್ನ ನಿಲುವಂಗಿಯ ಅರ್ಧವನ್ನು ಹೊದಿಸಿದಳು. ಬಂಡೆಯ ಬಿರುಕಿನಲ್ಲಿ ಬೆಂಕಿ ಹತ್ತಿತು. ತಡಿಗೆ ಕಟ್ಟಿದ್ದ ತಂಬಿಗೆಯಲ್ಲಿ ಹಿಮ ಕರಗಿಸಿ, ಒಣಮೊಸರಿನ ಗಟ್ಟಿಯನ್ನು ಅದರಲ್ಲಿ ಕುದಿಸಿ ಗುಟುಕು ಗುಟುಕಾಗಿ ಕುಡಿಸಿದಳು.

ಬೆಳಗಾದಾಗ ಗಾಳಿ ಸುಸ್ತಾಗಿತ್ತು. ನೀಲಿ ಆಕಾಶದಡಿ ಮರುಭೂಮಿಯೆಲ್ಲ ಬೆಳ್ಳಗೆ. ಮರಿಯನ್ನು ತಡಿಯ ಕೆಳಗಿನ ಕಂಬಳಿಯಲ್ಲಿ ಕಟ್ಟಿ ಸವಾರಿ ಒಂಟೆಯ ಪಕ್ಕಕ್ಕೆ ತೂಗುಹಾಕಿಕೊಂಡು ಹೊರಟರು. ತಾಯಿ ಒಂಟೆ ಗೋಳಾಡುತ್ತ ಹಿಂದೆಯೇ ಬಂತು. ದಾರಿಯುದ್ದಕ್ಕೂ ಮಾವ ಹಿಂದಿರುಗಿ ನೋಡದೆ ಮುಂದೆಯೇ ಸಾಗಿದ. ತಪ್ಪಾಗಿದೆ, ಭಾರೀ ತಪ್ಪಾಗಿದೆ ಎಂದು ಉಯಂಗಳ ಎದೆ ಹೊಡೆದುಕೊಳ್ಳುತ್ತಿತ್ತು.

ದೋಲ್ಗೋರ್ ದೂರದಿಂದಲೇ ಓಡಿ ಬಂದಳು. ಮೊದಲು ಸೊಸೆಯನ್ನು ಅಪ್ಪಿಕೊಂಡು, ಪ್ರೀತಿಯಿಂದ ಅವಳ ನೆತ್ತಿ ಮೂಸಿದಳು. ನಡೆದದ್ದನ್ನು ಅರ್ಧ ಕೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು.

"ಅಂಥಾ ನಿದ್ದೆಯಿಂದ ಎದ್ದದ್ದಾದ್ರೂ ಹೇಗೆ ಈ ಮನುಷ್ಯ?"

ಉಯಂಗ ತಲೆ ತಗ್ಗಿಸಿದಳು.

"ಕಂದು ಒಂಟೆ ಮುಖಕ್ಕೆ ಉಗಿದುಬಿಡ್ತು," ಎಂದ ಮಾವ. "ಏಳದೆ ಇನ್ನೇನು ಮಾಡ್ಲಿ?"

ದೋಲ್ಗೋರ್ ಅಳುತ್ತಲೇ ನಕ್ಕು, ಟೀ ಕಾಯಿಸಲು ಒಳಗೆ ಹೋದಳು.

ಉಯಂಗ ಮರಿಗೆ ತಾಯಿ ಒಂಟೆಯ ಮೊಲೆ ಹಿಡಿಸುತ್ತಿದ್ದಾಗ ಮುದುಕ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ.

"ಮಾವ, ನನ್ನಿಂದ ತಪ್ಪಾಯ್ತು..."

"ಸುಮ್ನಿರು. ನಮ್ಮಮ್ಮ ಇದ್ದಾಗ ಸಾಯಂಕಾಲ ಹಾಗೇ ಕೂಗ್ತಿದ್ಲು, ಕುರಿ ಹೊಡ್ಕೊಂಡು ಬಾ ಅಂತ. ಅವಳು ಹೋದ ಮೇಲೆ ನನ್ನ ಹೆಸರು ಯಾರ ಬಾಯಲ್ಲೂ ಕೇಳಿಲ್ಲ, ಮಗಳೇ. ನನಗೇ ಮರೆತುಹೋಗಿತ್ತು." ಅವನು ಕಣ್ಣೊರೆಸಿಕೊಂಡ. "ಚೆನ್ನಾಗಿತ್ತು ಕಣೇ, ಕೇಳೋಕೆ."

ಮರಿ ಗಿಣ್ಣುಹಾಲನ್ನು ಲೊಚಲೊಚ ಎಳೆಯುತ್ತಿತ್ತು.

"ಏನೂಂದ್ರೆ!" ದೋಲ್ಗೋರ್ ಒಳಗಿನಿಂದ ಕೂಗಿದಳು. "ಕೇಳಿಸ್ತಾ? ಟೀ ಆರ್ತಾ ಇದೆ!"

ಮಾವ ಸೊಸೆಯ ಕಡೆ ನೋಡಿ ಕಣ್ಣು ಮಿಟುಕಿಸಿ, ಮಂಡಿಗೆ ಕೈಯೂರಿ ಎದ್ದು ಒಳಗೆ ನಡೆದ.