ಹಿಡ್ಕೊಳ್ಳಿ, ಮಾವ

ನಂಬಿ ಅಂತ ಹೇಳುತ್ತಿಲ್ಲ, ಆದದ್ದನ್ನು ಹೇಳುತ್ತಿದ್ದೇನೆ.

ನನಗೆ ವಿಮಾನ ಹಾರಿಸಲು ಕಲಿಸಿದ್ದು ನನ್ನ ಸೋದರಮಾವ. ಎರಡೇ ಸೀಟಿನ ಪುಟ್ಟ ವಿಮಾನ, ಇಬ್ಬರ ಮುಂದೆಯೂ ವಿಮಾನ ನಡೆಸುವ ಒಂದೊಂದು ಹಿಡಿಕೆ. ಬಿಟ್ಟುಕೊಡುವವರು “ಹಿಡ್ಕೊಳ್ಳಿ” ಅನ್ನಬೇಕು, ತೆಗೆದುಕೊಳ್ಳುವವರು “ಹಿಡ್ದೆ” ಅನ್ನಬೇಕು. ಅಲ್ಲಿಯವರೆಗೆ ಮೊದಲಿನವರು ಕೈ ಬಿಡುವಂತಿಲ್ಲ.

ಮಾವ ತೀರಿಕೊಂಡು ಹದಿನೇಳು ದಿನವಾಗಿತ್ತು. ನನಗೆ ಅಳುವೇ ಬಂದಿರಲಿಲ್ಲ. ಸುಮ್ಮನೆ ಕೂರಲಾರದೆ ಒಬ್ಬನೇ ಹಾರಿದೆ.

ಮಟಮಟ ಮಧ್ಯಾಹ್ನ. ಮುಂದೆ ದೊಡ್ಡ ವಿಮಾನ ನಿಲ್ದಾಣದ ವಲಯ; ಅನುಮತಿಯಿಲ್ಲದೆ ನಮ್ಮಂಥವರು ಅದರೊಳಗೆ ನುಗ್ಗುವಂತಿಲ್ಲ. ನೀರಿನ ಟ್ಯಾಂಕ್ ಕಂಡ ಕೂಡಲೇ ಎಡಕ್ಕೆ ತಿರುಗಿ ಬಳಸಿಕೊಂಡು ಹೋಗಬೇಕು. ನಕ್ಷೆ ಮಡಚಲು ಎರಡೂ ಕೈ ಬೇಕಾಯಿತು. ಅಭ್ಯಾಸಬಲದಿಂದ “ಹಿಡ್ಕೊಳ್ಳಿ, ಮಾವ” ಅಂದುಬಿಟ್ಟೆ.

ದಿಕ್ಸೂಚಿಯ ಗಾಜಿನ ಮೇಲೆ ಟಕ್ ಟಕ್ ಎಂದು ಎರಡು ಸಲ ಸದ್ದಾಯಿತು. ತಿರುಗಿಸುವ ಮುಂಚೆ ಮಾವ ಬೆರಳಿನಿಂದ ಹಾಗೆಯೇ ಬಡಿಯುತ್ತಿದ್ದರು. ಬಿಸಿಲಿನಲ್ಲೂ, ಮಾವ ಕೂರುತ್ತಿದ್ದ ಕಡೆಯ ನನ್ನ ಬಲತೋಳು ತಣ್ಣಗಾಯಿತು. ಟ್ಯಾಂಕ್ ಬಂತು, ವಿಮಾನ ಎಡಕ್ಕೆ ವಾಲಿ, ವಲಯದ ಅಂಚನ್ನು ಬಳಸಿಕೊಂಡು ಹೋಯಿತು. ನನಗೆ ಹೆದರಿಕೆಯೂ ಆಗಲಿಲ್ಲ. ನಕ್ಷೆ ಮಡಚುತ್ತಲೇ ಇದ್ದೆ. ಮತ್ತೊಮ್ಮೆ ಟಕ್ ಟಕ್ ಎಂದಾಗ ನಮ್ಮ ರನ್‌ವೇ ಎದುರಿಗಿತ್ತು.

ವಿಮಾನ ನಿಂತಾಗ ಮೆಕ್ಯಾನಿಕ್ ನಗುತ್ತ ಬಾಗಿಲು ತೆರೆದ. “ಏನ್ ಸಾರ್, ಯಾವಾಗ್ಲೂ ಕಪ್ಪೆ ಥರ ಕುಪ್ಪಳಿಸ್ಕೊಂಡು ಇಳಿಸ್ತಿದ್ರಿ. ಇವತ್ತು ಹೂ ಇಟ್ಟ ಹಾಗೆ ಇಳಿಸಿಬಿಟ್ರಲ್ಲ!”

ನಕ್ಷೆ ಇನ್ನೂ ನನ್ನ ಎರಡೂ ಕೈಗಳಲ್ಲಿತ್ತು. “ಹಿಡ್ದೆ” ಅನ್ನುವ ಮಾತು ನನ್ನ ಬಾಯಿಂದ ಇವತ್ತಿನವರೆಗೂ ಬಂದಿಲ್ಲ.