ಖಚಿತವಾಗದ ಸುದ್ದಿ

ಶನಿವಾರ ಬೆಳಿಗ್ಗೆ ಕೆರೆ ದಂಡೆಗೆ ಬಂದು ನೋಡಿದರೆ ದೋಣಿಗಳೆಲ್ಲ ಬೋರಲು ಬಿದ್ದು ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವು. ಸ್ಕ್ರಾಲ್ ರಾಣಿಯ ಮುಖ ಸಪ್ಪಗಾಯಿತು. ದೋಣಿ ನೀರಿನ ನಡುವೆ ಹೋದಮೇಲೆ ಮಾತು ತೆಗೆಯಬೇಕು, ಅಲ್ಲಿಂದ ಎದ್ದುಹೋಗಲು ಜೊತೆಗಿರುವ ಮೇಷ್ಟ್ರಿಗೂ ದಾರಿ ಇರುವುದಿಲ್ಲ ಅಂತ ವಾರವಿಡೀ ಲೆಕ್ಕ ಹಾಕಿದ್ದಳು, ಪಾಪ.

ಟಿವಿ ಪರದೆಯ ಕೆಳಗೆ ಓಡುವ ಸುದ್ದಿಯ ಸಾಲು ಬರೆಯುವುದು ಅವಳ ಕೆಲಸ; ಆ ಹೆಸರು ಆಫೀಸಿನವರು ಇಟ್ಟದ್ದು. ಪಕ್ಕದಲ್ಲಿ ನಗು ತಡೆದುಕೊಂಡು ನಿಂತಿದ್ದವರು ಆಸ್ಪತ್ರೆಯಲ್ಲಿ ಕೃತಕ ಕಾಲು ಜೋಡಿಸಿ ನಡಿಗೆ ಕಲಿಸುವವರು. ರೋಗಿಗಳಿಗೆಲ್ಲ ಮೇಷ್ಟ್ರು, ಅವಳಿಗೂ ಮೇಷ್ಟ್ರೇ. ಯುದ್ಧ ನಡೆಯುತ್ತಿರುವ ದೂರದ ದೇಶವೊಂದಕ್ಕೆ ಒಂದು ವರ್ಷದ ಮಟ್ಟಿಗೆ ಇದೇ ಕೆಲಸಕ್ಕೆ ಅವರಿಗೆ ಕರೆ ಬಂದಿತ್ತು. ಹೋಗುತ್ತಾರೋ ಇಲ್ಲವೋ, ಸೋಮವಾರ ಹೇಳಬೇಕು. ಅಷ್ಟರೊಳಗೆ ಇವಳು ತನ್ನ ಮನಸ್ಸು ಹೇಳಬೇಕು. ಇಲ್ಲದಿದ್ದರೆ ಹೇಳೋಕೆ ಎದುರಿಗೆ ಆಳೇ ಇರುವುದಿಲ್ಲ.

ದೋಣಿ ಇಲ್ಲದಿದ್ದರೆ ಹೋಗಲಿ ಅಂತ ಅಕ್ವೇರಿಯಂಗೆ ಹೋದರು. ಅರ್ಧಕ್ಕರ್ಧ ತೊಟ್ಟಿ ಖಾಲಿ. ದಪ್ಪ ಮೀನೊಂದು ಇವರಿಗೆ ಬೆನ್ನು ಹಾಕಿ ಮೂಲೆ ಸೇರಿತ್ತು. "ಥೇಟ್ ನಮ್ಮ ಸೂಪರಿಂಟೆಂಡೆಂಟು," ಅಂದರು ಮೇಷ್ಟ್ರು. ಅವರು ನೋಡುತ್ತಿದ್ದದ್ದು ಮೀನನ್ನಲ್ಲ, ಗಾಜಿನಲ್ಲಿ ಕಾಣುತ್ತಿದ್ದ ಅವಳ ಮುಖವನ್ನು. ಅವಳೂ ಗಾಜಿನಲ್ಲೇ ಅವರ ಕಣ್ಣು ಹುಡುಕಿದಳು. ಈಗ ಹೇಳಿಯೇಬಿಡೋಣ ಅಂತ ಬಾಯಿ ತೆರೆದರೆ ಬಂದದ್ದೇನು? ಆ ದೇಶದಲ್ಲಿ ಸೇತುವೆ ಉರುಳಿದ ಸುದ್ದಿ.

ಭಾನುವಾರವೂ ಅದೇ ಹಣೆಬರಹ. ಸಿನಿಮಾ ಅರ್ಧಕ್ಕೇ ನಿಂತುಹೋಯಿತು. ಕತ್ತಲಲ್ಲಿ ಮೊಣಕೈಗೆ ಮೊಣಕೈ ತಗಲಿತು, ಇಬ್ಬರೂ ಎಳೆದುಕೊಳ್ಳಲಿಲ್ಲ. ಇವಳು ಚಡಪಡಿಸಿ ಫೋನು ತೆಗೆದು, ಕದನವಿರಾಮದ ಮಾತುಕತೆ ಮುರಿದುಬಿತ್ತಂತೆ ಅಂದಳು. ಗುಡ್ಡ ಹತ್ತಿದರೆ ಬರೀ ಮಂಜು. ಊರಿರಲಿ, ಎದುರಿನ ಕಂಬಿಯೂ ಕಾಣಲಿಲ್ಲ. ಅಲ್ಲಿ ಇವಳ ಬಾಯಿಂದ ಬಂದದ್ದು, ಆ ದೇಶದಲ್ಲಿ ಕಾಲು ಕಳೆದುಕೊಂಡವರು ಆಸ್ಪತ್ರೆ ಬಾಗಿಲಲ್ಲಿ ಕಾಯುತ್ತಿರುವ ಸುದ್ದಿ. ಮೇಷ್ಟ್ರು ಎಲ್ಲಕ್ಕೂ ಹೂಂಗುಟ್ಟಿದರು, ಮುಖ ಮಾತ್ರ ಇಳಿಯುತ್ತಾ ಹೋಯಿತು.

ಅಕ್ಕ ಫೋನಿನಲ್ಲಿ ಚೆನ್ನಾಗಿಯೇ ಝಾಡಿಸಿದಳು. ಲೋಕದ್ದೆಲ್ಲ ಹೇಳ್ತೀಯ, ನಿನ್ನದೊಂದು ಹೇಳೋಕೆ ಏನು ಧಾಡಿ ಅಂದಳು. ಆದರೆ ಎರಡು ಕಡೆಯಿಂದ ಖಚಿತವಾಗದೆ ಯಾವ ಸುದ್ದಿಯನ್ನೂ ಬಿಡಬಾರದು ಅನ್ನುವುದು ಇವಳ ಡೆಸ್ಕಿನ ನಿಯಮ. ಮೊದಲು ಅವರ ಕಡೆಯಿಂದ ಒಂದು ಮಾತು ಬರಲಿ ಅಂತ ಕಾಯುತ್ತಾ ಕೂತಿದ್ದಳು ಮಹಾತಾಯಿ. ಪ್ರೀತಿಗೂ ಆ ನಿಯಮ ಹಾಕುವವರನ್ನು ಎಲ್ಲಾದರೂ ಕಂಡಿದ್ದೀರಾ?

ಸಂಜೆ ಬಸ್ ಸ್ಟಾಪಿನ ಬೆಂಚಿನಲ್ಲಿ ಮೇಷ್ಟ್ರು ತಮ್ಮ ಶೂ ನೋಡುತ್ತಾ, ನಾಳೆ ಹೂಂ ಅಂದುಬಿಡ್ತೀನಿ ಅಂದರು.

"ಯಾರು ಹೋಗಿ ಅಂದಿದ್ದು ನಿಮಗೆ?"

"ನೀವೇ. ನಿನ್ನೆಯಿಂದ ಆ ದೇಶದ ಗೋಳು ಬಿಟ್ಟು ಇನ್ನೇನು ಹೇಳಿದ್ರಿ? ನನ್ನನ್ನ ಸಾಗಹಾಕೋಕೇ ಇಷ್ಟು ಸುತ್ತಾಡಿಸ್ತಿದ್ದೀರಿ ಅಂದ್ಕೊಂಡೆ."

ನಗಬೇಕೋ ಅಳಬೇಕೋ ತಿಳಿಯದೆ ಅವಳಿಗೆ ಎರಡೂ ಒಟ್ಟಿಗೇ ಬಂದವು. "ಭಯ ಆದಾಗ ನನ್ನ ಬಾಯಿಗೆ ಬರೋದು ಸುದ್ದಿ ಒಂದೇ, ಮೇಷ್ಟ್ರೇ. ಹೋಗಬೇಡಿ ಅನ್ನೋಣ ಅಂದ್ರೆ ಅಲ್ಲಿ ಕಾಯ್ತಿರೋರು ಕಣ್ಮುಂದೆ ಬರ್ತಾರೆ. ಹೋಗಿ ಅನ್ನೋಕೆ ಮನಸ್ಸು ಬರ್ತಿಲ್ಲ. ನನಗೆ ನೀವು ಬೇಕು."

ಬಸ್ಸು ಬಂದು ನಿಂತಿತು. ಇಬ್ಬರೂ ಏಳಲಿಲ್ಲ. ಡ್ರೈವರ್ ಒಮ್ಮೆ ದುರುಗುಟ್ಟಿ ಹೊರಟುಹೋದ.

ಮೇಷ್ಟ್ರ ಕಿವಿ ಕೆಂಪಾಗಿತ್ತು. "ಇದು ಖಚಿತವಾದ ಸುದ್ದೀನಾ?"

"ಸದ್ಯಕ್ಕೆ ಒಂದೇ ಕಡೆಯಿಂದ."

ಹೊಸ ಕಾಲಿನಲ್ಲಿ ಮೊದಲ ಹೆಜ್ಜೆ ಇಡುವವರ ಕೈ ಹಿಡಿಯುವ ಹಾಗೆ ಅವರು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಈ ಕಡೆಯಿಂದಾನೂ ಬಂತು ಅಂತ ಬರ್ಕೊಳ್ಳಿ. ಈಗ ನೀವು ಬೇಡ ಅಂದ್ರೆ ನಾನು ಹೋಗಲ್ಲ."

ಬೇಡ ಅನ್ನುವ ಮಾತು ನಾಲಿಗೆ ತುದಿಗೇ ಬಂದಿತ್ತು. ಎರಡು ದಿನ ಅಲೆದದ್ದು ಅದಕ್ಕೇ ತಾನೆ. ಆದರೆ ಆಸ್ಪತ್ರೆ ಬಾಗಿಲಲ್ಲಿ ಕಾಯುತ್ತಿರುವವರ ಆ ಸುದ್ದಿಯ ಸಾಲನ್ನು ಟಿವಿಗೆ ಬರೆದದ್ದೂ ಅವಳೇ. ಅವರ ಹೆಬ್ಬೆರಳು ಸವರಿದಳು.

"ಹೋಗಿ ಬನ್ನಿ," ಅಂದಳು ಕೊನೆಗೆ. "ಬರೋದನ್ನ ಮರೀಬೇಡಿ."

ಬ್ಯಾಗಿನಲ್ಲಿ ಫೋನು ಗುಂಯ್‌ಗುಟ್ಟಿತು. ಆ ದೇಶದ ಸುದ್ದಿಯೇ ಇರಬೇಕು. ಅವಳು ತೆಗೆಯಲಿಲ್ಲ, ನಾಳೆಯಿಂದ ಅದನ್ನು ಓದುವುದು ಇದ್ದೇ ಇದೆ.