ಗವಿಗೆ ಹೋಗದ ತಲೆ

“ಬುರುಡೆ, ಎಲುಬು ಎಲ್ಲ ಒಂಬತ್ತು ದಿನದೊಳಗೆ ಗವಿಗೆ ಹೋಗ್ಬೇಕು ಕಣೇ,” ಎಂದಳು ಬಸಿಲಿಯಾ. “ಅಲ್ಲಿಟ್ರೆ ಕಾಡು ಮತ್ತೆ ಮಾಂಸ ಹೊದಿಸುತ್ತೆ. ಮನೇಲಿಟ್ಕೊಂಡ್ರೆ ಅದು ಮನೆಯೋರ ಮಾಂಸಾನೇ ಹೊದ್ಕೊಳ್ಳುತ್ತೆ.”

ಜಿಂಕೆಯ ಬುರುಡೆ ಕೆರೆಯುತ್ತಿದ್ದ ಸೊಸೆ ನೆಲಿದಾ ನಕ್ಕಳು. “ನಮ್ಮಪ್ಪ ಮೆರಿದಾ ಪೇಟೇಲಿ ಮುನ್ನೂರು ಸತ್ತ ಪ್ರಾಣಿಗಳ ತಲೆ ತುಂಬಿಸಿ ಗೋಡೆಗೆ ಹಾಕೋ ಹಾಗೆ ಮಾಡಿದಾರೆ ಅತ್ತೆ. ಆದ್ರೂ ಅವರ ಹೊಟ್ಟೆ ಬಾಗಿಲಲ್ಲಿ ಹಿಡಿಸಲ್ಲ.”

“ಪೇಟೆಗೆ ಹೋದ ಬುರುಡೆಗೆ ದಾರಿ ಮರೆತಿರುತ್ತೆ. ಇದು ಇಲ್ಲೇ ಹುಟ್ಟಿದ್ದು.”

ನೆಲಿದಾ ಮದುವೆಯಾಗಿ ಈ ಹಳ್ಳಿಗೆ ಬಂದು ಎರಡು ವರ್ಷ. ಬೇಟೆಯಲ್ಲಿ ಗಂಡ ಫಿದೆನ್ಸಿಯೊನ ಗುರಿ ತಪ್ಪಿದರೆ, ಅತ್ತೆಯ ಬಾಯಲ್ಲಿ ಅದು ಸೊಸೆಯ ಕಾಲ್ಗುಣ. ಜೋಳಕ್ಕೆ ಹುಳ ಬಿದ್ದರೆ ಸೊಸೆಯ ಕಣ್ಣು. ಮಡಿಲು ತುಂಬದ್ದಂತೂ ಹೇಳುವುದೇ ಬೇಡ. ಫಿದೆನ್ಸಿಯೊ ಕೇಳಿಸಿಕೊಂಡು ರೊಟ್ಟಿ ಅಗಿಯುತ್ತಲೇ ಇರುತ್ತಿದ್ದ. ಆ ಅಗಿಯುವ ಸದ್ದು ಅವಳೆದೆಯಲ್ಲಿ ಕೆಂಡವಾಗಿ ಕೂತಿತ್ತು. ಈ ಮನೆಯ ಗೋಡೆಗೆ ತನ್ನ ಕೈಗೆಲಸವೂ ಒಂದಿರಲಿ ಎಂದುಕೊಂಡಳು.

ಎಲ್ಲರೂ ಮಾಡುವಂತೆ ನೆಟ್ಟಗೆ ನೋಡುವ ತಲೆಯಲ್ಲ. ಯಾರೋ ಬೆನ್ನ ಹಿಂದೆ ಕರೆದಂತೆ ಕತ್ತು ಹೊರಳಿಸಿ, ಬುರುಡೆಯ ಮೇಲೆ ಜೇಡಿಮಣ್ಣು ಮೆತ್ತಿ, ಪಟಿಕ ತಿಕ್ಕಿ ಹದಮಾಡಿದ ಚರ್ಮ ಹೊದಿಸಿ, ಗಾಜಿನ ಕಣ್ಣಿಟ್ಟು ಹೊಲಿದು ಗೋಡೆಗೇರಿಸಿದಳು. ನಾಲ್ಕು ಕಾಲು ಮಡಚಿ ಟೋಪಿ ತೂಗುಹಾಕುವ ಗೂಟ ಮಾಡಿದಳು. ಹೆಗಲ ಎಲುಬನ್ನು ತೆಳ್ಳಗೆ ಉಜ್ಜಿ ದೀಪಕ್ಕೆ ಮರೆಯಾಗಿಟ್ಟಳು. ಫಿದೆನ್ಸಿಯೊ ಊರವರನ್ನೆಲ್ಲ ಕರೆದು ತೋರಿಸಿದ. ಬಂದವರು ಹೊಸ್ತಿಲಾಚೆಯೇ ನಿಂತು ನೋಡಿ ಹೋದರು.

ಹತ್ತನೆಯ ದಿನ ಪಟಿಕದ ವಾಸನೆ ಹೋಗಿ, ಅಗಿದ ಹಸಿ ಎಲೆಯ ವಾಸನೆ ಬಂತು. ಕತ್ತಿನ ಹೊಲಿಗೆ ಬಿಗಿದು ಉಬ್ಬಿತ್ತು. ಗಾಜಿನ ಕಣ್ಣು ಒದ್ದೆಯಾಗಿತ್ತು. ಹಗ್ಗದ ತೂಗುಜೋಲಿಯಲ್ಲಿ ಮಲಗಿದ್ದ ಬಸಿಲಿಯಾಳ ಕಸೂತಿ ಅಂಗಿಯೊಳಗೆ ಮಾತ್ರ ಏನೂ ಉಳಿದಂತಿರಲಿಲ್ಲ.

“ಇಳಿಸೇ,” ಎಂದಳು ಮುದುಕಿ. “ನನ್ನ ತಿಂತಿದೆ ಅದು.”

ನೆಲಿದಾ ತಲೆಯತ್ತ ಒಂದು ಹೆಜ್ಜೆ ಇಟ್ಟಳು. ಆದರೆ ಎದೆಯ ಕೆಂಡ ಆರಲಿಲ್ಲ.

“ಎರಡು ವರ್ಷ ನನಗಂದದ್ದೆಲ್ಲ ಸುಳ್ಳು ಅಂತ ಒಂದ್ಸಲ ಹೇಳಿ ಅತ್ತೆ. ಇಳಿಸ್ತೀನಿ.”

ಬಸಿಲಿಯಾ ಮುಖ ತಿರುಗಿಸಿದಳು.

ಮೂರು ದಿನ. ಆ ಮೂರು ದಿನದಲ್ಲಿ ಯಾವ ಗಳಿಗೆಯಲ್ಲಾದರೂ ಇಳಿಸಬಹುದಿತ್ತು. ಇಳಿಸಲಿಲ್ಲ. ನಾಲ್ಕನೆಯ ಬೆಳಿಗ್ಗೆ ಜೋಲಿಯಿಂದ ಉಸಿರಿನಷ್ಟೇ ಸಣ್ಣ ದನಿ ಬಂತು.

“ಸುಳ್ಳು ಕಣೇ... ಎಲ್ಲಾ ಸುಳ್ಳು.”

ಇಷ್ಟೇ ಬೇಕಿತ್ತು ಅವಳಿಗೆ. ಸಿಕ್ಕಿದ ಮೇಲೆ ಬಾಯೆಲ್ಲ ಕಹಿ.

ಸ್ಟೂಲು ಹತ್ತಿದಳು. ಬುರುಡೆ ಬಿಡಿಸಲು ಕತ್ತಿನ ಹೊಲಿಗೆಗೆ ಚಾಕು ಹಾಕಿದಳು. ಮಣ್ಣಿಲ್ಲ. ಕೆಂಪು ಮಾಂಸ. ಬಿಸಿ ನೆತ್ತರು ಮೊಣಕೈವರೆಗೆ ಇಳಿಯಿತು. ಹಿಂದೆ ಮುದುಕಿ ಚೀರಿದಳು. ಅವಳ ಕತ್ತಿನಲ್ಲೂ ಅಷ್ಟೇ ಉದ್ದದ ಗಾಯ.

ಚಾಕು ಬಿತ್ತು. ಅತ್ತೆಯ ಗಾಯಕ್ಕೆ ಬಟ್ಟೆ ಬಿಗಿದಳು. ಕಾಲು, ಹೆಗಲೆಲುಬು ಚೀಲಕ್ಕೆ. ತಲೆ ಎದೆಗೆ. ಓಡಿದಳು. ನಡುಹಗಲಾಯಿತು. ಮುಳ್ಳು. ಕುದಿವ ಸುಣ್ಣಕಲ್ಲು. ಎದೆಯ ಮೇಲೆ ಅದು ಉಸಿರಾಡುತ್ತಿತ್ತು. ನೋಡಬಾರದು. ಭಾರವಾಯಿತು. ಇನ್ನೂ ಭಾರ. ಗವಿಯ ಬಾಯಿ. ಇಳಿಸಿದಳು. ಹಿಂದೆ ಸರಿದಳು.

ಕತ್ತಲಲ್ಲಿ ಗೊರಸಿನ ಸದ್ದು. ಒಂದು. ಎರಡು. ನಾಲ್ಕು. ಜಿಂಕೆ ಎದ್ದು ಒಳಗೆ ನಡೆಯಿತು. ಮುದುಕಿಯಿಂದ ಹೊದ್ದ ಮಾಂಸವನ್ನು ಬಿಟ್ಟು ಹೋಗಲಿಲ್ಲ.

ಮನೆಯಲ್ಲಿ ಬಸಿಲಿಯಾಳ ಜೀವ ಉಳಿದಿತ್ತು. ಚರ್ಮ ಸುತ್ತಿದ ಎಲುಬು ಅಷ್ಟೇ. ಆದರೆ ವಾರದಲ್ಲಿ ಕೆನ್ನೆ ತುಂಬಿತು. ತಿಂಗಳಿಗೆ ಒಲೆಯ ಬಳಿ ಬಂದು ಕೂತಳು.

“ನಮ್ಮಮ್ಮಂಗೆ ಇನ್ನೊಂದು ಮದುವೆ ಮಾಡ್ಬೋದು!” ಎಂದು ಫಿದೆನ್ಸಿಯೊ ನಕ್ಕ.

ಹಿಟ್ಟು ನಾದುತ್ತಿದ್ದ ನೆಲಿದಾಳ ಬೆರಳಿನಿಂದ ಮದುವೆಯುಂಗುರ ಜಾರಿ ಬಿತ್ತು. ಹೆಬ್ಬೆರಳಿಗೆ ಹಾಕಿಕೊಂಡಳು. ಅಲ್ಲೂ ನಿಲ್ಲಲಿಲ್ಲ.

ಬಸಿಲಿಯಾ ಉಂಗುರ ಎತ್ತಿ ಒರೆಸಿದಳು. ಸೊಸೆಯ ಒಣಕಲು ಮಣಿಕಟ್ಟನ್ನು ಬಹಳ ಹೊತ್ತು ನೋಡಿದಳು. ಮನೆಯಲ್ಲುಳಿದ ಎಲುಬು ಯಾರ ಮಾಂಸ ಹೊದ್ದುಕೊಂಡಿದೆ ಎಂದು ಅವಳಿಗೆ ಅರ್ಥವಾಗಿತ್ತು.

ತನ್ನ ಖಾಲಿ ತಟ್ಟೆಯನ್ನು ಮುಂದೆ ಸರಿಸಿದಳು.

“ಇನ್ನೊಂದು ರೊಟ್ಟಿ ಹಾಕು.”